ಗಿರಿಜಮ್ಮ ಕೇಳಿದ ನಿಂತ ಫೋಟೋ

ರಾಜಧಾನಿಯ ರೋಹಿಣಿ ನಿಲ್ದಾಣದಿಂದ ಹೊರಟ ಮೆಟ್ರೋದಲ್ಲಿ ಪ್ರಕೃತಿಗೆ ಕೂರಲು ಜಾಗವಿತ್ತು. ಕೂತರೆ ಫೋನು ತೊಡೆಯ ಮೇಲೆ ಬರುತ್ತದೆ, ಬಂದರೆ ನೋಡಬೇಕಾಗುತ್ತದೆ ಎಂದು ಅವಳು ಬಾಗಿಲ ಪಕ್ಕದ ಗಾಜಿಗೆ ಬೆನ್ನು ಕೊಟ್ಟು ನಿಂತೇ ಇದ್ದಳು. ಮನೆ ಬಿಡುವ ಹೊತ್ತಿಗೆ ಬಂದಿದ್ದ ಆ ಧ್ವನಿ ಸಂದೇಶ ಒಟ್ಟು ಹನ್ನೊಂದು ಸೆಕೆಂಡಿನದು. ಮೂರು ಸಲ ಕೇಳಿಯಾಗಿತ್ತು. "ಪ್ರಕುರ್ತೀ, ಏನ್ ಮಾಡ್ತಿದೀಯವ್ವ? ಅಲ್ಲಿ ಚಳಿ ಜಾಸ್ತಿ ಅಂತೆ, ಟೀವೀಲಿ ತೋರಿಸ್ತಿದ್ರು. ಕಿವಿಗೆ ಕಟ್ಕೊಂಡು ಓಡಾಡು. ಆಮೇಲೆ, ನಮ್ ಫೋಟೋ ಬಂತಾ?" ಎಂದು ಗಿರಿಜಮ್ಮನ ದನಿ. ಅದರ ಹಿಂದೆ ಕುಕ್ಕರು ಒಂದು ಸಲ ಕೂಗಿ ಸುಮ್ಮನಾಗಿತ್ತು. ನಮ್ ಫೋಟೋ ಅಂದರೆ ಗಿರಿಜಮ್ಮನದು, ಅವರ ಮಗಳು ಅಮೂಲ್ಯಳದು. ಅದು ಗೊತ್ತಿದ್ದೂ ಪ್ರಕೃತಿಯ ಕಿವಿಗೆ ಆ 'ನಮ್'ನಲ್ಲಿ ತಾನೂ ಸೇರಿದ್ದಂತೆ ಕೇಳಿಸಿತ್ತು. ಹಾಗೆ ಕೇಳಿಸಿದ್ದಕ್ಕೇ ಎರಡನೆಯ ಸಲ ಹಾಕಿ ಕೇಳಿದ್ದಳು. ಮೂರನೆಯ ಸಲ ಕೇಳಿ ಫೋನನ್ನು ಚೀಲಕ್ಕೆ ಹಾಕಿದ್ದಳು. ಗಾಜಿನ ಆಚೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಇಂದರ್‌ಲೋಕ್ ನಿಲ್ದಾಣ ಬಂದದ್ದು ಹೆಸರು ಕೂಗಿದ ಮೇಲೇ ತಿಳಿಯಿತು.

ಅಮೂಲ್ಯ ಹಿರಿಯೂರಿನ ಕಡೆಯವಳು. ಅವಳನ್ನು ಪ್ರಕೃತಿ ಮೊದಲು ಕಂಡದ್ದು ಎಂಬುದಕ್ಕಿಂತ ಕೇಳಿದ್ದು ಎನ್ನಬೇಕು. ಕಾಲೇಜಿಗೆ ಸೇರಿದ ಎರಡನೆಯ ದಿನ ಕಾರಿಡಾರಿನ ನೀರಿನ ಯಂತ್ರದ ಪಕ್ಕ ಒಬ್ಬಳು ಗೋಡೆಗೆ ಮುಖ ಮಾಡಿ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದಳು. "ಊಟ ಸೇರಲ್ಲ ಕಣಮ್ಮ, ಬೇಳೆಗೂ ಸಕ್ಕರೆ ಹಾಕ್ತಾರೇನೋ ಅನ್ಸತ್ತೆ," ಅನ್ನುತ್ತಿದ್ದಳು. ಪ್ರಕೃತಿ ಬಾಟಲಿ ತುಂಬಿಸಿದಳು, ಕುಡಿದಳು, ಮತ್ತೆ ತುಂಬಿಸಿದಳು. ಮೂರನೆಯ ಸಲಕ್ಕೆ ಅವಳು ತಿರುಗಿ, "ಕ್ಯಾ ಹುವಾ?" ಎಂದಳು. ಪ್ರಕೃತಿಗೆ ಹೇಳಬೇಕೆನಿಸಿದ್ದು ಬಹಳ ಇತ್ತು. ಬಾಯಿಗೆ ಬಂದದ್ದು "ನನಗೆ ಕನ್ನಡ ಬರ್ತಾನೆ" ಎಂದು. ಅಮೂಲ್ಯ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಆ ನಗು ಎರಡು ವರ್ಷ ನಡೆಯಿತು ಎಂದೇ ಹೇಳಬಹುದು. ಪ್ರಕೃತಿಯ ಮನೆಯಲ್ಲಿ ಕನ್ನಡವೆಂದರೆ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅಪ್ಪ ಜಗನ್ನಾಥ ಸಿಟ್ಟಾದಾಗ, ಅಮ್ಮ ವೈಜಯಂತಿಗೆ ಜ್ವರ ಬಂದಾಗ ಹೊರಬೀಳುವ ಒಂದಷ್ಟು ಮಾತು. ಉಳಿದ ದಿನವೆಲ್ಲ ಹಿಂದಿ. ಅಮೂಲ್ಯಳ ಪಕ್ಕ ಕೂತು ಇತಿಹಾಸದ ನೋಟ್ಸ್ ಬರೆಯುವಾಗ, ಗೇಟಿನ ಹೊರಗೆ ಚಹಾ ಕುಡಿಯುವಾಗ, ಕಾಲೇಜಿನ ಹತ್ತಿರದ ವಿಜಯನಗರದಲ್ಲಿ ಅವಳು ಬಾಡಿಗೆಗಿದ್ದ ಪೀಜಿಯ ತಾರಸಿಯಲ್ಲಿ ಅವಳ ಒದ್ದೆ ಕೂದಲು ಒಣಗುವವರೆಗೆ ಬಿಸಿಲಿನಲ್ಲಿ ಕಾಯುವಾಗ, ಪ್ರಕೃತಿ ತಪ್ಪು ತಪ್ಪಾಗಿ ಮಾತಾಡುತ್ತಿದ್ದಳು, ಅಮೂಲ್ಯ ತಿದ್ದುತ್ತಿದ್ದಳು. ತಿದ್ದಿಸಿಕೊಳ್ಳುವುದಕ್ಕೆಂದೇ ಎಷ್ಟೋ ಸಲ ಗೊತ್ತಿದ್ದ ಮಾತನ್ನೂ ತಪ್ಪಾಗಿ ಆಡಿದ್ದುಂಟು.

ಪ್ರಕೃತಿಯ ಕ್ಯಾಮೆರಾ ಹುಚ್ಚು ಇದಕ್ಕೂ ಮೊದಲಿನದು. ರೀಲು ಹಾಕುವ ಹಳೆಯ ಕಾಲದ ಕ್ಯಾಮೆರಾ; ಒಂದು ರೀಲಿಗೆ ಮೂವತ್ತಾರು ಚಿತ್ರ, ಪ್ರತಿ ಸಲ ರೀಲನ್ನು ಮುಂದಕ್ಕೆ ಸರಿಸುವ ಸನ್ನೆಯನ್ನು ಹೆಬ್ಬೆರಳಿನಿಂದ ತಿರುಗಿಸಬೇಕು, ತೆಗೆದದ್ದು ಹೇಗೆ ಬಂತೆಂದು ನೋಡಲು ಪರದೆ ಇಲ್ಲ. ಫೋನಿನಲ್ಲಿ ಸಾವಿರ ತೆಗೆಯುವವರ ನಡುವೆ ಮೂವತ್ತಾರನ್ನು ಯೋಚಿಸಿ ತೆಗೆಯುವವಳು ತಾನು ಎಂಬ ಹೆಮ್ಮೆಯೂ ಅವಳಿಗಿತ್ತು. ಕಾಲೇಜಿನ ಫೋಟೋಗ್ರಫಿ ಸೊಸೈಟಿಯಲ್ಲಿ ಸೀನಿಯರುಗಳು ಹೇಳುತ್ತಿದ್ದರು: ನಿಲ್ಲಿಸಿ ತೆಗೆದದ್ದು ಚಿತ್ರವಲ್ಲ, ಅದು ಆಧಾರ್ ಕಾರ್ಡು. ಜನ ಮೈಮರೆತಾಗ ತೆಗೆಯಬೇಕು. ಅವಳು ಅದನ್ನು ನಂಬಿದ್ದಳು. ನವೆಂಬರಿನಲ್ಲಿ ಧರಣಿಗೆಂದು ಬಂದ ದಿನ ಜಂತರ್ ಮಂತರ್‌ನಲ್ಲಿ ಗಿರಿಜಮ್ಮ ಅವಳ ಗಲ್ಲ ಹಿಡಿದು, "ಇವಳೇನಾ ನಿನ್ ಫ್ರೆಂಡು? ಎಷ್ಟು ಒಣಗಿದೀಯೇ ನನ್ನವ್ವ," ಎಂದಾಗಲೂ ಅವಳ ತೋರುಬೆರಳು ಗುಂಡಿಯ ಮೇಲೇ ಇತ್ತು.

ಗಿರಿಜಮ್ಮ ಅಂಗನವಾಡಿ ಕಾರ್ಯಕರ್ತೆ. ತಮ್ಮನ್ನು ನೌಕರರೆಂದು ಪರಿಗಣಿಸಬೇಕೆಂದು ಕೇಳಲು ಊರೂರಿನಿಂದ ಬಂದ ಸಾವಿರಾರು ಹೆಂಗಸರ ಜೊತೆ ಅವರ ತಾಲ್ಲೂಕಿನ ನಲವತ್ತು ಮಂದಿಯೂ ರೈಲು ಹತ್ತಿದ್ದರು. ಮಗಳ ಜೊತೆ ಕಳೆಯಲು ಅವರಿಗೆ ಸಿಕ್ಕಿದ್ದು ಧರಣಿಯ ಆ ಒಂದು ದಿನ. ಸಂಜೆಯೇ ವಾಪಸ್ಸು ರೈಲು. ಪ್ರಕೃತಿ "ಆಂಟಿ" ಎಂದಾಗ ಅವರು, "ಆಂಟಿ ಅಂದ್ರೆ ಯಾರೋ ಅನ್ಸತ್ತೆ, ದೊಡ್ಡಮ್ಮ ಅನ್ನು," ಎಂದರು. ಪ್ರಕೃತಿ ಆವರೆಗೆ ಯಾರನ್ನೂ ದೊಡ್ಡಮ್ಮ ಎಂದು ಕರೆದವಳಲ್ಲ. ಆ ದಿನ ಅಗತ್ಯಕ್ಕಿಂತ ಹೆಚ್ಚೇ ಕರೆದಳು. ದೊಡ್ಡಮ್ಮ ನೀರು ಬೇಕಾ, ದೊಡ್ಡಮ್ಮ ಇಲ್ಲಿ ನೆರಳಿದೆ. ಗಿರಿಜಮ್ಮ ರೊಟ್ಟಿ ಬಿಚ್ಚಿ ಚಟ್ನಿಪುಡಿ ಹಾಕಿ ಅವಳ ಕೈಗೆ ಇಟ್ಟರು. ತಿನ್ನುತ್ತ ತಿನ್ನುತ್ತ ಅವಳು ಚಿತ್ರ ತೆಗೆದಳು: ಎತ್ತಿದ ಮುಷ್ಟಿಗಳು, ಗಾಜಿನ ಬಳೆಗಳು, ಒಂದರ ಮೇಲೊಂದು ಬಿದ್ದ ಚಪ್ಪಲಿಗಳು. ಮಧ್ಯಾಹ್ನ ಮೈಕಿನ ಭಾಷಣದ ನಡುವೆಯೇ ಗಿರಿಜಮ್ಮ ಪ್ಲಾಸ್ಟಿಕ್ ಹಾಳೆಯ ಮೇಲೆ ಅಡ್ಡಾದಾಗ ಅವರ ಒಡೆದ ಹಿಮ್ಮಡಿಗಳಿಗೆ ಬೇವಿನ ಮರದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು. ಅದನ್ನೂ ತೆಗೆದಳು. ಬಹಳ ಚೆನ್ನಾಗಿ ಬರುತ್ತದೆ ಎಂದು ಆಗಲೇ ಗೊತ್ತಾಗಿತ್ತು.

ನಾಲ್ಕು ಗಂಟೆಗೆ ಬ್ಯಾನರು ಮಡಿಚುವ ಹೊತ್ತಿಗೆ ಗಿರಿಜಮ್ಮ ಕೈಚೀಲ ಹಿಡಿದು ಸಾರ್ವಜನಿಕ ಶೌಚಾಲಯಕ್ಕೆ ಹೋದರು. ಹೊರಗೆ ಬಂದಾಗ ಮೈಮೇಲೆ ಬೇರೆ ಸೀರೆಯಿತ್ತು, ಹಸಿರು ಅಂಚಿನ ಕೆಂಪು ರೇಷ್ಮೆ. ಎರಡು ರಾತ್ರಿ ರೈಲಿನಲ್ಲಿ ಮಡಿಕೆ ಕೆಡದಂತೆ ಪೇಪರಿನಲ್ಲಿ ಸುತ್ತಿ ತಂದದ್ದು. "ಒಂದ್ ನಿಂತ ಫೋಟೋ ತೆಗಿ ಮಗಾ, ನಾನು ಅಮ್ಮು ಇಬ್ರೂ. ಫೋನಿಂದು ಫೋನಲ್ಲೇ ಉಳ್ಕೊಂಡ್ಬಿಡತ್ತೆ. ನೀನು ತೆಗೆದದ್ದಕ್ಕೆ ಕಟ್ಟು ಹಾಕಿಸ್ತೀನಿ," ಎಂದರು. ಅಮೂಲ್ಯ ನಾಚಿಕೊಂಡು, "ಅಮ್ಮ ಹಂಗೇ, ತೆಗ್ದುಬಿಡು," ಎಂದಳು. ಕ್ಯಾಮೆರಾದ ಮೇಲಿನ ಅಂಕಿ ಮೂವತ್ಮೂರು ತೋರಿಸುತ್ತಿತ್ತು. ಇನ್ನು ಮೂರು. ಜನ ಎದ್ದುಹೋದ ಮೇಲೆ ರಸ್ತೆಯ ಮೇಲೆ ಬೀಳುವ ಇಳಿಬಿಸಿಲಿನ ಬೆಳಕಿಗೆಂದು ಆ ಮೂರನ್ನೂ ಮಧ್ಯಾಹ್ನದಿಂದ ಜೋಪಾನ ಮಾಡಿದ್ದಳು. ಅವಳು ಕ್ಯಾಮೆರಾ ಎತ್ತಿದಳು. ಕಿಂಡಿಯೊಳಗೆ ತಾಯಿ ಮಗಳು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಗಿರಿಜಮ್ಮ ಸೆರಗನ್ನು ಎರಡೂ ಹೆಗಲಿಗೆ ಹೊದ್ದು, ಗದ್ದ ತುಸು ಎತ್ತಿ, ನಗದೆ. ಮೈಕಿನಲ್ಲಿ ಯಾರೋ ಬಸ್ಸುಗಳ ನಂಬರು ಕೂಗುತ್ತಿದ್ದರು. ಪ್ರಕೃತಿ ಸನ್ನೆ ತಿರುಗಿಸಲಿಲ್ಲ. ತಿರುಗಿಸದೆ ಗುಂಡಿ ಒತ್ತಿದರೆ ಸದ್ದೇ ಬರುವುದಿಲ್ಲ. ಅವಳು ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಟಕ್ ಎಂದಳು. "ಆಯ್ತು ದೊಡ್ಡಮ್ಮ."

ಆ ಟಕ್ ಎಂಬ ಸದ್ದು ಈಗ ಬಾಯಲ್ಲೇ ಉಳಿದುಬಿಟ್ಟಿತ್ತು. ಹಲ್ಲುಜ್ಜುವಾಗ, ಬಿಸಿ ಚಹಾ ನಾಲಿಗೆ ಸುಟ್ಟಾಗ ಅದು ನೆನಪಾಗುತ್ತಿತ್ತು. ಅಷ್ಟು ಸಣ್ಣ ಕೆಲಸ. ಅದಕ್ಕೆ ಹೆಸರಿಡಲು ಹೋದರೆ ಯಾವ ಭಾಷೆಯಲ್ಲೂ ದೊಡ್ಡದಾಗುತ್ತಿತ್ತು, ಮೋಸ, ಧೋಖಾ. ಹೆಸರಿಡದಿದ್ದರೆ ತೀರ ಚಿಕ್ಕದು, ಒಂದು ಚಿತ್ರ, ಅಷ್ಟೇ. ಡಿಸೆಂಬರಿನಲ್ಲಿ ಅಮೂಲ್ಯ, "ಅಮ್ಮನ ಫೋಟೋ ಎಲ್ಲೇ?" ಎಂದಾಗ ಬಾಯಿ ತಾನಾಗಿಯೇ, "ಲ್ಯಾಬ್‌ನಲ್ಲಿ ಹಾಳಾಯ್ತು, ಕೊನೇ ಮೂರು ನಾಲ್ಕು ಲೈಟ್ ಬಿದ್ದು ಹೋಯ್ತು," ಎಂದಿತ್ತು. ಅಲ್ಲಿಗೆ ಮುಗಿಯಿತೆಂದುಕೊಂಡಿದ್ದಳು. ಆದರೆ ಅಮೂಲ್ಯ ಅದನ್ನು ಮನೆಗೆ ಹೇಳಲೇ ಇಲ್ಲ. ಹೇಗಾದರೂ ಸರಿಮಾಡಿಸಬಹುದೇನೋ ಎಂದು ಕಾದಳು. ಹಿರಿಯೂರಿನಲ್ಲಿ ಗಿರಿಜಮ್ಮ ದಿನ ಎಣಿಸಿಕೊಂಡು ಸಂದೇಶ ಕಳಿಸುತ್ತ ಹೋದರು.

ಆ ಧ್ವನಿ ಸಂದೇಶ ಬಂದ ದಿನ ಕೊನೆಯ ಕ್ಲಾಸು ಮುಗಿದ ಕೂಡಲೇ ಅಮೂಲ್ಯ ಚೀಲ ಹೆಗಲಿಗೇರಿಸಿ, "ನಡಿ, ಇವತ್ತು ನಿನ್ ಲ್ಯಾಬಿಗೆ ಹೋಗೋಣ. ಅಮ್ಮ ನಂಗೂ ಮೆಸೇಜ್ ಹಾಕಿದಾಳೆ. ಆ ಭಯ್ಯಾನ ಹತ್ರ ನಾನೇ ಜಗಳ ಆಡ್ತೀನಿ," ಎಂದಳು.

"ಬೇಡ, ಅವರು ವಯಸ್ಸಾದವರು."

"ವಯಸ್ಸಾದ್ರೆ? ಬೇರೆಯವರ ಅಮ್ಮನ ಫೋಟೋ ಹಾಳ್ ಮಾಡ್ಬೋದಾ? ನೀನು ಸುಮ್ನಿರು, ನಿಂಗೆ ಜಗಳ ಆಡಕ್ಕೆ ಬರಲ್ಲ."

ವಿಶ್ವವಿದ್ಯಾಲಯ ನಿಲ್ದಾಣದಿಂದ ಚಾಂದನಿ ಚೌಕದವರೆಗೆ ನಾಲ್ಕೇ ನಿಲ್ದಾಣ. ಒಂದೊಂದರಲ್ಲೂ ಹೇಳಿಬಿಡೋಣ ಎಂದುಕೊಂಡಳು. ವಿಧಾನಸಭಾ ನಿಲ್ದಾಣದಲ್ಲಿ ಬಾಗಿಲು ತೆರೆದಾಗ ಬಾಯಿ ತೆರೆದಳು, ಮುಚ್ಚಿದಾಗ ಮುಚ್ಚಿದಳು. ಅಮೂಲ್ಯ ಅವಳ ತೋಳಿಗೆ ತೋಳು ಸೇರಿಸಿ ನಿಂತು, ಲ್ಯಾಬಿನವನಿಗೆ ಹಿಂದಿಯಲ್ಲಿ ಏನೇನು ಅನ್ನಬೇಕೆಂದು ಅಭ್ಯಾಸ ಮಾಡುತ್ತಿದ್ದಳು. ಪುಲ್ಲಿಂಗ ಸ್ತ್ರೀಲಿಂಗ ತಪ್ಪಿದ ಕಡೆ "ಸರಿಮಾಡೇ" ಎಂದು ತಿವಿಯುತ್ತಿದ್ದಳು. ಪ್ರಕೃತಿ ಸರಿಮಾಡಿದಳು. ಸುಳ್ಳಿನ ಮೇಲೆ ಕಟ್ಟಿದ ಜಗಳಕ್ಕೆ ಅವಳೇ ವ್ಯಾಕರಣ ಹೇಳಿಕೊಡುತ್ತಿದ್ದಳು. ಅಮೂಲ್ಯಳ ತೋಳಿನ ಬಿಸಿ ಸ್ವೆಟರಿನ ಮೂಲಕ ಹಾದುಬರುತ್ತಿತ್ತು. ಈ ರೈಲು ಚಾಂದನಿ ಚೌಕದಲ್ಲಿ ನಿಲ್ಲದೆ ಹೀಗೇ ನೆಲದೊಳಗೆ ಹೋಗುತ್ತಲೇ ಇದ್ದರೆ, ಎಂದು ಅವಳು ಒಂದು ಕ್ಷಣ ಮನಸಾರೆ ಬೇಡಿಕೊಂಡಳು.

ಲ್ಯಾಬು ಕ್ಯಾಮೆರಾ ಅಂಗಡಿಗಳ ಗಲ್ಲಿಯ ಕೊನೆಯಲ್ಲಿ, ಮೊದಲ ಮಹಡಿಯಲ್ಲಿತ್ತು. ಉಣ್ಣೆಯ ಟೊಪ್ಪಿ ಹಾಕಿದ್ದ ಮುದುಕರು ಪ್ರಕೃತಿಯನ್ನು ಕಂಡು ಹಿಗ್ಗಿದರು. "ಆಯಿಯೇ ಬೇಟಾ, ಆಪ್ಕಾ ಬಡಾ ಪ್ರಿಂಟ್ ತಯಾರ್ ಹೈ," ಎಂದು, ಅಮೂಲ್ಯ ಬಾಯಿ ತೆರೆಯುವ ಮೊದಲೇ ದೊಡ್ಡ ಕಾಗದವೊಂದನ್ನು ಮೇಜಿನ ಮೇಲೆ ಹರಡಿದರು. ಸೊಸೈಟಿಯ ಪ್ರದರ್ಶನಕ್ಕೆಂದು ಪ್ರಕೃತಿ ಮಾಡಲು ಹೇಳಿದ್ದು. ಬಿಸಿಲ ಚುಕ್ಕಿ ಬಿದ್ದ ಎರಡು ಹಿಮ್ಮಡಿ, ಕಪ್ಪು ಬಿಳುಪಿನಲ್ಲಿ, ಮೇಜಿನಷ್ಟು ದೊಡ್ಡದಾಗಿ. ಒಂದೊಂದು ಬಿರುಕೂ ಒಣಗಿದ ಕೆರೆಯ ನೆಲದಂತೆ ಸ್ಪಷ್ಟವಾಗಿತ್ತು. ಅಮೂಲ್ಯ ಸ್ವಲ್ಪ ಹೊತ್ತು ನೋಡಿದಳು. ಹಿಮ್ಮಡಿಗಳಾಚೆ ಕಂಡ ಬೆರಳುಗಳಲ್ಲಿ ಎಡಗಾಲಿನ ಎರಡನೆಯದಕ್ಕೆ ಕಾಲುಂಗುರ ಇರಲಿಲ್ಲ; ಬೆರಳು ಊದುತ್ತದೆಂದು ಗಿರಿಜಮ್ಮ ಎರಡು ವರ್ಷದ ಹಿಂದೆ ಅದನ್ನು ತೆಗೆಸಿದ್ದರು. "ಅಮ್ಮನ ಕಾಲು," ಎಂದಳು. ಆಮೇಲೆ ಮುದುಕರ ಕಡೆ ತಿರುಗಿ, ಅಭ್ಯಾಸ ಮಾಡಿದ್ದ ಮಾತನ್ನೆಲ್ಲ ಬಿಟ್ಟು ಮೆಲ್ಲಗೆ ಹಿಂದಿಯಲ್ಲಿ, ಈ ರೀಲಿನ ಕೊನೆಯ ಚಿತ್ರಗಳು ಹಾಳಾಗಿವೆಯಂತಲ್ಲ, ಎಂದು ಕೇಳಿದಳು.

ಮುದುಕರಿಗೆ ನೋವಾಯಿತು. ನಲವತ್ತು ವರ್ಷದಲ್ಲಿ ತನ್ನ ಕೈಯಿಂದ ರೀಲು ಹಾಳಾಗಿಲ್ಲ ಎನ್ನುತ್ತ ಕಪಾಟಿನಿಂದ ಲಕೋಟೆ ತೆಗೆದು, ನೆಗೆಟಿವ್ ಪಟ್ಟಿಯನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು ಮೂವತ್ತಾರರ ಮೇಲೂ ಬೆರಳಾಡಿಸಿದರು. "ದೇಖಿಯೇ, ಪೂರೇ ಛತ್ತೀಸ್. ಏಕ್ ಭೀ ಖರಾಬ್ ನಹೀಂ." ಮೂವತ್ಮೂರು: ಬ್ಯಾನರು ಮಡಿಚುತ್ತಿರುವ ಹೆಂಗಸರು. ಮೂವತ್ನಾಲ್ಕು, ಮೂವತ್ತೈದು, ಮೂವತ್ತಾರು: ಖಾಲಿ ರಸ್ತೆ, ಖಾಲಿ ರಸ್ತೆ, ಖಾಲಿ ರಸ್ತೆ. ಅಮೂಲ್ಯ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಮೂವತ್ಮೂರಕ್ಕೂ ಮೂವತ್ನಾಲ್ಕಕ್ಕೂ ನಡುವಿನ ಖಾಲಿ ಗೆರೆಯಲ್ಲಿ ಯಾರಾದರೂ ಸಿಕ್ಕಿಕೊಂಡಿದ್ದಾರೋ ಎಂಬಂತೆ ನೋಡಿದಳು. ಪ್ರಕೃತಿ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು. "ಅಂಕಲ್‌ಜೀ, ಸಾರಿ," ಎಂದು ಅಮೂಲ್ಯ ಮುದುಕರಿಗೆ ಕೈ ಮುಗಿದಳು. ಮೆಟ್ಟಿಲಿಳಿಯುವಾಗ ಒಂದೇ ಮಾತಾಡಿದಳು: "ಅಮ್ಮನ ಕಾಲಿದೆ. ಅಮ್ಮ ಇಲ್ಲ."

ಅವಳು ಜಗಳವಾಡಿದ್ದರೆ ಚೆನ್ನಾಗಿತ್ತು. ಕೆಳಗೆ ರಿಕ್ಷಾಗಳ ನಡುವೆ ನಿಂತು ಪ್ರಕೃತಿ, "ಅಮ್ಮು, ಕೇಳು," ಎಂದಾಗ ಅವಳು ಗಡಿಯಾರ ನೋಡಿಕೊಂಡು, "ಚಲೋ, ಮುಝೆ ದೇರ್ ಹೋ ರಹೀ ಹೈ," ಎಂದಳು. ದಾರಿಯಲ್ಲಿ ತಪ್ಪು ಮಾಡುತ್ತಿದ್ದ ಲಿಂಗ ಈಗ ಸರಿಯಾಗಿತ್ತು. ಮರುದಿನ ಕ್ಲಾಸಿನಲ್ಲಿ ಪಕ್ಕದಲ್ಲೇ ಕೂತಳು. ಪೆನ್ನು ಕೇಳಿದರೆ ಕೊಟ್ಟಳು, "ಲೇ ಲೋ." ಟ್ಯುಟೋರಿಯಲ್ ಯಾವಾಗ ಎಂದರೆ, "ತೀನ್ ಬಜೇ." ಒಂದು ಒರಟು ಮಾತಿಲ್ಲ. ಪ್ರಕೃತಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅಚ್ಚುಕಟ್ಟಾದ ಹಿಂದಿಯಲ್ಲಿ ಉತ್ತರ ಬಂತು, ಅಂಗಡಿಯವನಿಗೋ ಕಂಡಕ್ಟರಿಗೋ ಕೊಡುವ ಹಾಗೆ. ಪ್ರಕೃತಿ ಬೇಕೆಂದೇ ತಪ್ಪಾಗಿ "ನಾನು ನಿನ್ನೆ ಊಟ ಮಾಡ್ತೀನಿ" ಎಂದಳು. ಅಮೂಲ್ಯ ತಿದ್ದಲಿಲ್ಲ.

ಆ ಮಧ್ಯಾಹ್ನ ಪ್ರಕೃತಿ ಕಾಲೇಜಿನ ಹಿಂಬದಿಯ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು ಗಿರಿಜಮ್ಮನಿಗೆ ಫೋನು ಮಾಡಿದಳು. ಹೇಳಬೇಕಾದದ್ದನ್ನು ಅಂಗೈಯ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದಳು. ಅತ್ತ ಕಡೆ ಮಕ್ಕಳು ಒಟ್ಟಿಗೆ ಏನನ್ನೋ ಹೇಳುತ್ತಿದ್ದವು. "ಹೇಳವ್ವ, ಏನು ಈ ಹೊತ್ನಲ್ಲಿ?" ಎಂದರು ಗಿರಿಜಮ್ಮ.

"ದೊಡ್ಡಮ್ಮ, ಫೋಟೋ ಇಲ್ಲ."

"ಅಮ್ಮು ರಾತ್ರಿ ಹೇಳಿದ್ಲು. ಅದ್ಯಾವನೋ ಲ್ಯಾಬಿನವನು ಹಾಳ್ಮಾಡಿದ್ನಂತೆ. ಅವನ ಕೈ ಸೇದೋಗ. ನೀನೇನ್ ಮಾಡ್ತೀಯ ಬಿಡು."

ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು. ಪ್ರಕೃತಿ ಸುಮ್ಮನೆ ಹೊರನಡೆಯಬಹುದಿತ್ತು. ಅಮೂಲ್ಯ ತನಗಾಗಿ ಸುಳ್ಳು ಹೇಳಿದ್ದಾಳೆ ಎಂಬುದು ಎದೆಗೆ ತಾಗಿತು. ಅದು ತನಗಾಗಿ ಅಲ್ಲದಿರಬಹುದು ಎಂಬ ಯೋಚನೆ ಆಗ ಬರಲೇ ಇಲ್ಲ. "ಅಲ್ಲ ದೊಡ್ಡಮ್ಮ. ನಾನು ತೆಗೆದಿಲ್ಲ. ತೆಗೆದ ಹಾಗೆ ಮಾಡಿದೆ. ರೀಲು ಉಳಿಸಕ್ಕೆ," ಎಂದು ಅಂಗೈ ನೋಡಿಕೊಂಡು ಓದಿದಳು.

ಗಿರಿಜಮ್ಮ, "ತೆಗೀಲೇ ಇಲ್ವಾ?" ಎಂದರು. ಸಿಟ್ಟಿರಲಿಲ್ಲ, ಎಲ್ಲೋ ಇಟ್ಟ ವಸ್ತುವನ್ನು ಹುಡುಕುವವರ ದನಿ ಅದು. "ನಾನು ಉಸ್ರು ಬಿಗಿ ಹಿಡ್ಕೊಂಡು ನಿಂತಿದ್ನಲ್ಲವ್ವ." ಆಮೇಲೆ ಯಾವುದೋ ಮಗುವಿಗೆ, ಇಳಿಯೋ ಅಲ್ಲಿಂದ, ಎಂದರು. "ಇರ್ಲಿ ಬಿಡು. ಮಕ್ಕಳಿಗೆ ಊಟಕ್ಕಿಕ್ಕೋ ಹೊತ್ತು, ಇಡ್ತೀನಿ."

ಫೋನು ಇಟ್ಟ ಮೇಲೆ ಪ್ರಕೃತಿಗೆ ಹಗುರವೆನಿಸಿತು, ನಿಜವಾಗಿಯೂ. ಸಂಜೆ ಮೆಟ್ರೋದಲ್ಲಿ ಕೂತು ಬಂದಳು, ಫೋನನ್ನು ತೊಡೆಯ ಮೇಲಿಟ್ಟುಕೊಂಡು. ನಿಜ ಹೇಳಿದವಳು ತಾನು ಎಂಬ ಒಂದು ಸಣ್ಣ ಬೆಚ್ಚಗಿನ ಭಾವ ಪೀತಂಪುರ ನಿಲ್ದಾಣದವರೆಗೂ ಇತ್ತು. ಮರುದಿನ ಮಧ್ಯಾಹ್ನ ಕಾಲೇಜಿನ ಹುಲ್ಲುಹಾಸಿನ ಮೇಲೆ ಎಲ್ಲರೂ ಬಿಸಿಲಿಗೆ ಬೆನ್ನು ಕೊಟ್ಟು ಕಡಲೆಕಾಯಿ ಸುಲಿಯುತ್ತಿದ್ದಾಗ ಅಮೂಲ್ಯ ದೂರದಿಂದಲೇ ನೆಟ್ಟಗೆ ಅವಳ ಕಡೆ ನಡೆದು ಬಂದಳು. ಕಣ್ಣು ಕೆಂಪಗಿತ್ತು.

"ಯಾರೇ ಹೇಳಿದ್ದು ನಿಂಗೆ ಅಮ್ಮಂಗೆ ಫೋನ್ ಮಾಡು ಅಂತ?"

ಕನ್ನಡ. ಪ್ರಕೃತಿ ಎದ್ದು ನಿಂತಳು. ಬೈಗುಳವೆಂದು ತಿಳಿಯುವ ಮೊದಲೇ ಅವಳ ಮೈಯೆಲ್ಲ ಆ ದನಿಯ ಕಡೆ ವಾಲಿತ್ತು.

"ನಾನು ಹೇಳಿದ್ನಲ್ಲ, ಲ್ಯಾಬಿನವನು ಹಾಳ್ ಮಾಡ್ದ ಅಂತ. ಅವನಿಗೆ ನಾಲ್ಕು ಬೈದು ಸುಮ್ನಾಗಿದ್ಲು. ಮುಗ್ದಿತ್ತು ಅಲ್ಲಿಗೆ. ನಿಂಗ್ಯಾಕೆ ತಡ್ಯಕ್ಕಾಗ್ಲಿಲ್ಲ? ನಿಂಗೆ ಹಗುರ ಆಗ್ಬೇಕಿತ್ತು, ಅಲ್ವಾ? ಆಯ್ತಾ ಹಗುರ? ಈಗ ಅವಳು ಏನ್ ಕೇಳ್ತಿದಾಳೆ ಗೊತ್ತಾ? ನನ್ ಸೀರೆ ಚೆನ್ನಾಗಿರ್ಲಿಲ್ವೇನೇ ಅಂತ. ಮೂರ್ ಸಲ ಕೇಳಿದ್ಲು ರಾತ್ರಿ."

"ಚೆನ್ನಾಗಿತ್ತು," ಎಂದಳು ಪ್ರಕೃತಿ.

ಸುತ್ತ ಕೂತವರು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿ ನೋಡುತ್ತಿದ್ದರು, ಒಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಅಮೂಲ್ಯ ಬೈಯುತ್ತಲೇ ಇದ್ದಳು, ಬೇಗ ಬೇಗ, ಊರಿನ ಮಾತುಗಳು ಒಂದರ ಬೆನ್ನಿಗೊಂದು. ಅರ್ಧ ಪ್ರಕೃತಿಗೆ ತಿಳಿಯಲಿಲ್ಲ. ಇನ್ನೂ ಬೈಯಲಿ ಎಂದು ಅವಳಿಗೆ ಆಸೆಯಾಯಿತು. ಆ ಆಸೆಗೆ ನಾಚಿಕೆಯಾಯಿತು. ಕಡೆಗೆ ಅಮೂಲ್ಯ ಮೂಗು ಒರೆಸಿಕೊಂಡು, "ಅಮ್ಮ ಹೊಟ್ಟೆಗೆ ಹಾಕ್ಕೊಂಡ್ಳು. ನಾನು ಹಾಕ್ಕೊಳಲ್ಲ," ಎಂದು ತಿರುಗಿ ಹೋದಳು. ಗೇಟಿನವರೆಗೂ ಒಮ್ಮೆಯೂ ಹಿಂದೆ ನೋಡಲಿಲ್ಲ. ಸೋಮವಾರದಿಂದ ಬೇರೆ ಬೆಂಚಿನಲ್ಲಿ ಕೂತಳು.

ಪ್ರದರ್ಶನಕ್ಕೆ ಆ ಹಿಮ್ಮಡಿಗಳನ್ನು ಪ್ರಕೃತಿ ಕೊಡಲಿಲ್ಲ. ಯಾಕೆಂದು ಸೀನಿಯರುಗಳು ಕೇಳಿದಾಗ ಪ್ರಿಂಟು ಸರಿ ಬಂದಿಲ್ಲ ಎಂದಳು. ಮುದುಕರ ಮೇಲೆ ಎರಡನೆಯ ಸಲ ಸುಳ್ಳು ಹೇಳಿದಂತಾಯಿತೆಂದು ಆಮೇಲೆ ಹೊಳೆಯಿತು. ಅಮೂಲ್ಯ ಹೋಗುವಾಗ ಹೇಳಿದ ಮಾತು ಅವಳ ತಲೆಯಲ್ಲಿ ತಿರುಗುತ್ತಲೇ ಇತ್ತು. ಏನನ್ನು ಹೊಟ್ಟೆಗೆ ಹಾಕಿಕೊಂಡದ್ದು? ಗಿರಿಜಮ್ಮ ಊಟ ಬಿಟ್ಟಿದ್ದರೇ, ಆಮೇಲೆ ತಿಂದರೇ? ಅಮೂಲ್ಯ ಊಟ ಮಾಡುತ್ತಿಲ್ಲವೇ? ಕೇಳಿ ತಿಳಿದುಕೊಳ್ಳಬಹುದಾಗಿದ್ದವಳು ಒಬ್ಬಳೇ, ಅವಳನ್ನು ಕೇಳುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ಬಾಲ್ಕನಿಯ ಬಿಸಿಲಿನಲ್ಲಿ ಹಳೆಯ ಪೇಪರು ಹಾಸಿ ಹಸಿ ಬಟಾಣಿ ಸುಲಿಯುತ್ತಿದ್ದಳು. ಪ್ರಕೃತಿ ಬಾಗಿಲಲ್ಲಿ ನಿಂತು ಕನ್ನಡದಲ್ಲೇ ಕೇಳಿದಳು. "ಅಮ್ಮ, ಹೊಟ್ಟೆಗೆ ಹಾಕ್ಕೊಳೋದು ಅಂದ್ರೆ ಏನು?"

ವೈಜಯಂತಿಯ ಕೈ ನಿಂತಿತು. "ಕಹಾಂ ಸುನಾ?"

"ಕಾಲೇಜಲ್ಲಿ. ಯಾರೋ ಅಂದ್ರು. ಅಮ್ಮ ಹಾಕ್ಕೊಂಡ್ಳು, ನಾನು ಹಾಕ್ಕೊಳಲ್ಲ ಅಂತ."

ವೈಜಯಂತಿ ಒಂದು ಸಿಪ್ಪೆಯನ್ನು ಹೆಬ್ಬೆರಳಿನಲ್ಲಿ ಸೀಳಿದಳು. ಹಿಂದಿಯಲ್ಲಿ ಹೇಳಹೊರಟು, ಯಾಕೋ ಬಿಟ್ಟು, ಕನ್ನಡಕ್ಕೆ ಬಂದಳು. "ತಪ್ಪನ್ನ ಮನ್ನಿಸೋದು. ಯಾರಾದ್ರೂ ನಮಗೆ ಏನಾದ್ರೂ ಮಾಡಿದ್ರೆ ಅದನ್ನ ಎತ್ತಾಡದೇನೇ ಒಳಗೇ ಇಟ್ಕೊಂಡು ಹೋಗೋದು." ಮಗಳ ಮುಖ ನೋಡಿದಳು. ಯಾರು, ಯಾಕೆ, ಎಂದು ಕೇಳಲಿಲ್ಲ. ಆ ಮನೆಯಲ್ಲಿ ಕೇಳುವ ರೂಢಿ ಇರಲಿಲ್ಲ.

ಕೆಳಗೆ ತರಕಾರಿಯವನು ಕೂಗುತ್ತ ಹೋದ. ಪ್ರಕೃತಿ ನೆಲದ ಮೇಲೆ ಕೂತಳು. ವಿಜಯನಗರದ ತಾರಸಿಯಲ್ಲೂ ಈಗ ಇಂಥದೇ ಬಿಸಿಲಿರುತ್ತದೆ, ಭಾನುವಾರ ಅಮೂಲ್ಯ ತಲೆಗೆ ನೀರು ಹಾಕಿಕೊಳ್ಳುವ ದಿನ. "ಎಷ್ಟು ದಿನ ಆಗತ್ತೆ ಅಮ್ಮ?"

"ಯಾವುದಕ್ಕೆ?"

"ಹೊಟ್ಟೆಗೆ ಹಾಕ್ಕೊಳಕ್ಕೆ."

"ಏನ್ ಗೊತ್ತು. ನಾನು ಹೇಳದೆ ನಿಮ್ಮಪ್ಪನ ಜೊತೆ ಬಂದು ಇಪ್ಪತ್ಮೂರು ವರ್ಷ ಆಯ್ತು," ಎಂದಳು ವೈಜಯಂತಿ, ಬಟಾಣಿಯಿಂದ ಕಣ್ಣೆತ್ತದೆ. "ನಮ್ಮಮ್ಮ ಇನ್ನೂ ಹಾಕ್ಕೊಂಡಿಲ್ಲ." ಹೇಳಿ, ರಾಶಿಯಲ್ಲಿ ಅರ್ಧವನ್ನು ಮಗಳ ಕಡೆಗೆ ದೂಡಿದಳು.